ಉಳಿದ ಒಂದು ವ್ಯತ್ಯಾಸ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಮಂಚಗಳನ್ನು ಪೇರಿಸಿಟ್ಟ ಕೋಣೆಗೂ ನಡುವೆ, ಕಿಟಕಿಯಿಲ್ಲದ ಇನ್ನೊಂದು ಕೋಣೆ ಇತ್ತು. ಅದರೊಳಗೆ ಇಪ್ಪತ್ತು ವರ್ಷಕ್ಕೂ ಮೇಲಾಗಿ ಎರಡು ಜೀವಗಳು ಒಂದರ ಮುಖ ಒಂದು ನೋಡಿಕೊಂಡು ಕಾಲ ತಳ್ಳುತ್ತಿದ್ದವು. ಒಂದನ್ನು ಆಸ್ಪತ್ರೆಯವರೆಲ್ಲ ಕೆಳಗಿನಮ್ಮ ಎನ್ನುತ್ತಿದ್ದರು, ಇನ್ನೊಂದನ್ನು ಮುದುಕಿ ಎನ್ನುತ್ತಿದ್ದರು. ಕೆಳಗಿನಮ್ಮ ಐವತ್ತು ದಾಟಿದ ಹೆಂಗಸು. ಮುದುಕಿ ಹೆಂಗಸಲ್ಲ, ಸಾಫ್ಟ್‌ವೇರ್.

ಡಯಾಲಿಸಿಸ್ ವಿಭಾಗ ನಡೆಯುತ್ತಿದ್ದುದೇ ಮುದುಕಿಯಿಂದ. ಮೂತ್ರಪಿಂಡ ಕೈಕೊಟ್ಟ ರೋಗಿಗಳು ವಾರಕ್ಕೆ ಮೂರು ಸಲ ಬಂದು, ಗಂಟೆಗಟ್ಟಲೆ ಯಂತ್ರಕ್ಕೆ ತೋಳು ಕೊಟ್ಟು ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗಬೇಕು. ಯಾರಿಗೆ ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾವ ಔಷಧಿ, ಅವರನ್ನು ಮನೆಯಿಂದ ಕರೆತರಲು ಯಾವ ವ್ಯಾನು, ಅದು ಯಾವ ಬೀದಿಯಲ್ಲಿ ಮೊದಲು ನಿಲ್ಲಬೇಕು ಎಂಬುದನ್ನೆಲ್ಲ ದಿನವೂ ಬೆಳಗಾಗುವ ಮೊದಲೇ ಹೇಳಿ ಮುಗಿಸುವವಳು ಅವಳು. ಹುಟ್ಟಿದಾಗ ಅವಳಿಗೆ ಇಷ್ಟೆಲ್ಲ ಬರುತ್ತಿರಲಿಲ್ಲ. ಮೊದಲು ಬರೀ ಯಂತ್ರದ ಸರದಿ ಹೇಳುತ್ತಿದ್ದಳು. ಆಮೇಲೆ ಔಷಧಿ ಸೇರಿತು, ರಕ್ತಪರೀಕ್ಷೆ ಸೇರಿತು, ಕೊನೆಗೆ ವ್ಯಾನು ಸೇರಿತು. ಒಂದು ಕೋಣೆಯ ಮನೆಗೆ ಹಿಂದೊಂದು, ಪಕ್ಕಕ್ಕೊಂದು, ಮಾಳಿಗೆಯ ಮೇಲೊಂದು ಕೋಣೆ ಎಬ್ಬಿಸುತ್ತ ಹೋದ ಹಾಗೆ. ಅಡಿಪಾಯ ಮಾತ್ರ ಒಂದೇ ಕೋಣೆಯದು.

ಆ ಕೋಣೆಗಳನ್ನೆಲ್ಲ ಎಬ್ಬಿಸಿದವಳು ಕೆಳಗಿನಮ್ಮ. ಮುದುಕಿ ಕೆಮ್ಮಿದರೆ ಇವಳಿಗೆ ಫೋನ್, ಸೀನಿದರೆ ಇವಳಿಗೆ ಫೋನ್. ಮೇಲಿನ ಮಹಡಿಗಳ ನರ್ಸುಗಳಿಗೆ, ಡ್ರೈವರುಗಳಿಗೆ ಇವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಮೇಲೆ ಹೋಗಲು ಪುರುಸೊತ್ತಾದರೂ ಎಲ್ಲಿ? ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಸರಿಯಾಗಿ ಬಿಚ್ಚಿ ಕಟ್ಟಲು ಸಮಯ ಕೊಡಿ ಎಂದು ಆಡಳಿತದವರನ್ನು ಕೇಳಿ ಕೇಳಿ ನಾಲಿಗೆ ಸವೆದು, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು. ತೇಪೆ ಹಾಕುತ್ತಿದ್ದಳು. ಪ್ರತಿ ತೇಪೆಯ ಪಕ್ಕದಲ್ಲೂ ಒಂದು ಸಾಲು ಬರೆದಿಡುತ್ತಿದ್ದಳು: ತಾತ್ಕಾಲಿಕ, ಬರುವ ವಾರ ತೆಗೆಯುವುದು. ಮುದುಕಿಯ ಹೊಟ್ಟೆಯ ತುಂಬ ಇಂಥ ಬರುವ ವಾರಗಳು ಬಿದ್ದುಕೊಂಡಿದ್ದವು. ಬರೆಯುವಾಗೆಲ್ಲ ಅವಳು ಅದನ್ನು ನಿಜವೆಂದೇ ನಂಬಿ ಬರೆದಿದ್ದಳು ಎನ್ನುವುದೇ ಇದರಲ್ಲಿ ನಗು ಬರುವ ವಿಷಯ. ಅವಳಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ಅಪ್ಪ ಅಮ್ಮ ಬೇಗ ಹೋದ ಮೇಲೆ, ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು, ಗುಂಡಿ ಹಚ್ಚಿ, ತಂಗಿಯನ್ನು ಓದಿಸಿದವಳು. ಅವಳು ಮದುವೆಯಾಗಲಿಲ್ಲ. ತಂಗಿಯೂ ಆಗಲಿಲ್ಲ, ಯಾರಾದರೂ ಕೇಳಿದರೆ, ಮುದುಕಿ ಇರುವಾಗ ಸವತಿಯ ಕಾಟ ಯಾರು ತಡೆಯುತ್ತಾರೆ ಎಂದು ಅಕ್ಕನೇ ಉತ್ತರ ಕೊಟ್ಟುಬಿಡುತ್ತಿದ್ದಳು. ಈಗ ಅಕ್ಕನಿಗೆ ಮಂಡಿ ನೋವು, ಲಿಫ್ಟಿಲ್ಲದ ಮೂರನೇ ಮಹಡಿಯ ಫ್ಲ್ಯಾಟು, ದಿನವಿಡೀ ಒಂಟಿತನ. ತಂಗಿ ಮನೆಗೆ ಬರುವ ಹೊತ್ತಿಗೆ ಜೀವ ಹಿಂಡಿ ಹೋಗಿರುತ್ತಿತ್ತು. ಅಕ್ಕ ಊಟಕ್ಕೆ ಬಡಿಸುತ್ತ ಏನೋ ಹೇಳುತ್ತಿದ್ದಳು. ಇವತ್ತು ಗಡಿಯಾರ ರಿಪೇರಿಯವರಿಗೆ ತಲೆ ಸುತ್ತು ಬಂದಿತ್ತು, ಟೀಚರಮ್ಮನ ಸೊಸೆ ಹೆತ್ತಳಂತೆ, ಹೀಗೆ. ತಂಗಿ "ಹೂಂ" ಎನ್ನುತ್ತಿದ್ದಳು. ಅಕ್ಕ ಹೇಳುವುದು ಯಾವುದೋ ಟೀವಿ ಧಾರಾವಾಹಿಯ ಕತೆ ಎಂದು ಅವಳು ಎಂದೋ ತೀರ್ಮಾನಿಸಿಕೊಂಡಿದ್ದಳು. ಇಷ್ಟು ವರ್ಷ ಎಳೆಯುತ್ತಿದ್ದಾರಲ್ಲ, ಧಾರಾವಾಹಿಯವರಿಗೂ ಬೇರೆ ಕೆಲಸವಿಲ್ಲ ಎಂದು ಅಂದುಕೊಂಡು ಕೈ ತೊಳೆದು ಮಲಗುತ್ತಿದ್ದಳು.

ಕೊನೆಗೂ ಆಡಳಿತದವರಿಗೆ ಬುದ್ಧಿ ಬಂತು. ಹೊಸ ಸಾಫ್ಟ್‌ವೇರ್ ಕಟ್ಟಲು ಹೊರಗಿನಿಂದ ಒಂದು ತಂಡ ಬಂತು. ಅದರ ಮುಖ್ಯಸ್ಥ ನಲವತ್ತರ ಆಸುಪಾಸಿನವನು, ಒಳ್ಳೆಯ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಹಳೆಯದು, ಹೊಸದು ಎರಡನ್ನೂ ಜೊತೆಜೊತೆಗೆ ಓಡಿಸುವುದು ಅವನ ಕ್ರಮ. ನಿಜವಾದ ಕೆಲಸವೆಲ್ಲ ಮುದುಕಿಯದೇ. ಹೊಸದು ಅದೇ ಲೆಕ್ಕವನ್ನು ಪಕ್ಕದಲ್ಲಿ ಕೂತು ಸುಮ್ಮನೆ ಮಾಡುತ್ತಿತ್ತು, ಅದರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಇಬ್ಬರ ಉತ್ತರವನ್ನೂ ಹೋಲಿಸಿ, ಎಷ್ಟು ಕಡೆ ಬೇರೆಯಾಗಿದೆ ಎಂದು ನೋಡುವುದು. ಆ ವ್ಯತ್ಯಾಸ ಇಡೀ ಒಂದು ವಾರ ಸೊನ್ನೆಯಾಗಿ ನಿಂತರೆ ಮುದುಕಿಯನ್ನು ನಿಲ್ಲಿಸಬಹುದು. ಅವನು ದಿನವೂ ಬೋರ್ಡಿನ ಮೇಲೆ ದೊಡ್ಡದೊಂದು ಸೊನ್ನೆ ಬರೆದು, ನಮಗೆ ಬೇಕಾಗಿರುವುದು ಇದು ಎನ್ನುತ್ತಿದ್ದುದರಿಂದ ಅವನ ಹೆಸರು ಸೊನ್ನೆ ಸಾರ್ ಎಂದೇ ಆಯಿತು. ಅವನಿಗೂ ಅದು ಗೊತ್ತಿತ್ತು, ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಮೊದಲ ದಿನ ವ್ಯತ್ಯಾಸಗಳು ಸಾವಿರಾರು ಇದ್ದವು. ಅದರಲ್ಲಿ ಮುಕ್ಕಾಲು ಪಾಲು ಕೆಳಗಿನಮ್ಮನ ತೇಪೆಗಳೇ. ಇದು ಯಾಕೆ ಹೀಗೆ ಎಂದು ಸೊನ್ನೆ ಸಾರ್ ಕೇಳುವುದು, ಅವಳು ನೆನಪಿನ ಬಾವಿಗೆ ಇಳಿದು ಕಾರಣ ಎತ್ತಿಕೊಂಡು ಬರುವುದು. ಆ ನಾಲ್ಕನೇ ಯಂತ್ರದ ಪಕ್ಕ ಕಂಬ ಇದೆ, ಗಾಲಿಕುರ್ಚಿ ಹಿಡಿಸುವುದಿಲ್ಲ, ಅದಕ್ಕೇ ಅಲ್ಲಿ ನಡೆಯಲಾಗದವರನ್ನು ಹಾಕುವುದಿಲ್ಲ. ಆ ಬೀದಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ವ್ಯಾನು ತಿರುಗುವುದಿಲ್ಲ. ತಿಂಗಳುಗಟ್ಟಲೆ ಇದೇ ಆಯಿತು. ಸಾವಿರಗಳು ನೂರಾದವು, ನೂರುಗಳು ಹತ್ತಾದವು. ಹೆಣಗಿ ಹೆಣಗಿ ಅವಳ ಕಣ್ಣು ಗುಳಿಬಿದ್ದಿತ್ತು. ಆದರೂ ಒಳಗೆ ಒಂದು ಆಸೆ ಮಾತ್ರ ಹಸಿಯಾಗಿತ್ತು: ಮುದುಕಿ ಕಣ್ಣು ಮುಚ್ಚಿದ ದಿನ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮಲಗಬೇಕು. ತಾನಾಗಿ ಎಚ್ಚರವಾಗುವವರೆಗೆ ಮಲಗಬೇಕು. ಪ್ರಪಂಚದಲ್ಲಿ ಅವಳಿಗೆ ಬೇಕಾಗಿದ್ದುದು ಅಷ್ಟೇ, ಅದಕ್ಕಿಂತ ಹೆಚ್ಚಿನ ಆಸೆ ಹುಟ್ಟುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

"ಮುದುಕಿ ಹೋದ ಮೇಲೆ ಎಲ್ಲಾದರೂ ಸುತ್ತಾಡಿ ಬರೋಣ" ಎಂದು ಒಂದು ದಿನ ಅಕ್ಕನಿಗೂ ಹೇಳಿದ್ದಳು. ಯಾವ ಮುದುಕಿ, ನಾನೋ ನಿನ್ನ ಆಫೀಸಿನವಳೋ, ಸ್ವಲ್ಪ ಬಿಡಿಸಿ ಹೇಳು ಎಂದು ಅಕ್ಕ ಚುಚ್ಚಿದ್ದಳು.

ಒಂದು ಸೋಮವಾರದ ಬೆಳಗಿನ ಸಭೆಯಲ್ಲಿ ಪರದೆಯ ಮೇಲೆ ಉಳಿದಿದ್ದುದು ಒಂದೇ ವ್ಯತ್ಯಾಸ. ಎಲ್ಲರೂ ನಿಟ್ಟುಸಿರು ಬಿಟ್ಟರು. ವಾರದಲ್ಲಿ ಮೂರು ದಿನ, ಮುದುಕಿ ಒಂದು ವ್ಯಾನನ್ನು ಒಂದು ನಿಲುಗಡೆಗೆ ಹೆಚ್ಚಾಗಿ ಕಳಿಸುತ್ತಿದ್ದಳು. ಹೊಸದು ಕಳಿಸುತ್ತಿರಲಿಲ್ಲ. ರೋಗಿಗಳ ಗುಟ್ಟು ಕಾಪಾಡಲು ಪರದೆಯ ಮೇಲೆ ಹೆಸರು, ವಿಳಾಸ ಯಾವುದನ್ನೂ ತೋರಿಸುತ್ತಿರಲಿಲ್ಲ. ರೋಗಿಯ ಸಂಖ್ಯೆ ಮಾತ್ರ ಇತ್ತು. ಆ ಸಂಖ್ಯೆ ಎರಡು ಒಂಬತ್ತುಗಳಿಂದ ಶುರುವಾಗಿತ್ತು.

ಕೆಳಗಿನಮ್ಮ ಆ ಸಂಖ್ಯೆಯನ್ನು ಎರಡು ಸಲ ಓದಿದಳು. ಎರಡು ಒಂಬತ್ತರಿಂದ ಶುರುವಾಗುವವರು ರೋಗಿಗಳಲ್ಲ. ಹೊಸದಾಗಿ ಏನಾದರೂ ಸೇರಿಸಿದಾಗ ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅವಳೇ ಹುಟ್ಟಿಸಿದ ಸುಳ್ಳು ಜನ. ಪರೀಕ್ಷೆ ಮುಗಿದ ಮೇಲೆ ಅವರನ್ನು ಅಳಿಸಿಬಿಡುವುದು ಪದ್ಧತಿ. ಹೊಸದಕ್ಕೆ ರೋಗಿಗಳನ್ನು ಸಾಗಿಸುವಾಗ ಅಂಥವರನ್ನು ಬಿಟ್ಟುಬಿಡಿ ಎಂದು ಮೊದಲೇ ಹೇಳಿದವಳೂ ಅವಳೇ. ಸೊನ್ನೆ ಸಾರ್‌ಗೆ ಅದು ಮರೆತೇಹೋಗಿತ್ತು.

ಅವನು ಕಣ್ಣುಜ್ಜಿಕೊಂಡು ಹೇಳಿದ, "ಮೇಡಂ, ನಮ್ಮದರಲ್ಲಿ ಈ ನಂಬರೇ ಇಲ್ಲ. ಆದ್ರೆ ಗಾಡಿ ಹೋಗ್ತಿದೆ, ಯಾರೋ ಹತ್ತುತಿದಾರೆ, ಇಳೀತಿದಾರೆ. ಕಾರಣ ಹುಡುಕ್ತಾ ಕೂತರೆ ಇನ್ನೊಂದು ತಿಂಗಳು. ಈ ನಂಬರಿಗೆ ಅಂತಲೇ ಒಂದು ಸಾಲು ಬರೆದುಬಿಡ್ತೀನಿ, ಹಳೇದು ಮಾಡೋದನ್ನೇ ಹೊಸದೂ ಮಾಡ್ಲಿ. ಆಮೇಲೆ ತೆಗೆದರಾಯ್ತು."

ಆಮೇಲೆ ತೆಗೆದರಾಯ್ತು ಎಂಬ ಮಾತು ಅವಳ ಕಿವಿಗೆ ತನ್ನದೇ ದನಿಯಲ್ಲಿ ಕೇಳಿಸಿತು. ಎರಡು ದಿನ ಕೊಡಿ, ನಾನು ನೋಡುತ್ತೇನೆ ಎಂದು ಎದ್ದು ಬಂದಳು.

ಕೋಣೆಯ ಬಾಗಿಲು ಹಾಕಿಕೊಂಡು ಆ ಸಂಖ್ಯೆಯನ್ನು ತೆರೆದಳು. ಹೆಸರಿನ ಜಾಗದಲ್ಲಿ "ಅಕ್ಕ" ಎಂದಿತ್ತು. ವಿಳಾಸದ ಜಾಗದಲ್ಲಿ ಅವರದೇ ಮನೆ.

ಆಗ ಎಲ್ಲ ನೆನಪಾಯಿತು. ಮುದುಕಿಗೆ ವ್ಯಾನಿನ ಭಾಗ ಸೇರಿಸಿದ ಕಾಲ. ಎಂಟೊಂಬತ್ತು ವರ್ಷವೇ ಆಗಿರಬೇಕು. ವ್ಯಾನು ಸರಿಯಾದ ಮನೆಗೆ ಹೋಗುತ್ತದೋ ನೋಡಲು ಯಾರಾದರೂ ಒಬ್ಬರು ಬೇಕಿತ್ತು. ನಿಜವಾದ ರೋಗಿಯ ಮೇಲೆ ಪ್ರಯೋಗ ಮಾಡಲು ಧೈರ್ಯ ಸಾಲದೆ, ಅಕ್ಕನ ಹೆಸರಿನಲ್ಲಿ ಒಬ್ಬ ರೋಗಿಯನ್ನು ಹುಟ್ಟಿಸಿ, ಸೋಮವಾರ, ಬುಧವಾರ, ಶುಕ್ರವಾರ ಎಂದು ದಿನ ಹಾಕಿ, ನಾಳೆ ಗಾಡಿ ಬರುತ್ತೆ, ಹತ್ತಿ ಬಾ ಎಂದು ಅಕ್ಕನಿಗೆ ಹೇಳಿದ್ದಳು. ಅಕ್ಕ ಹೋಗಿ ಬಂದಿದ್ದಳು. ಗಾಡಿ ಚೆನ್ನಾಗಿ ಬಂತು ಎಂದೂ ಹೇಳಿದ್ದಳು. ಅದೇ ವಾರ ಯಂತ್ರಗಳ ಕೋಣೆಗೆ ನೀರು ನುಗ್ಗಿ ಆಸ್ಪತ್ರೆಯೇ ಅಲ್ಲೋಲಕಲ್ಲೋಲವಾಯಿತು. ಅಕ್ಕನನ್ನು ಅಳಿಸುವುದು ಬರುವ ವಾರಕ್ಕೆ ಹೋಯಿತು. ಚಿಕಿತ್ಸೆಯ ಸರದಿಗೆ, ವರದಿಗಳಿಗೆ ಎರಡು ಒಂಬತ್ತಿನ ಅರ್ಥ ಗೊತ್ತಿತ್ತು, ಅವು ಅಕ್ಕನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಸೇರಿಸಿದ ವ್ಯಾನಿನ ಭಾಗಕ್ಕೆ ಮಾತ್ರ ಆ ಗುಟ್ಟನ್ನು ಹೇಳಿಕೊಡಲು ಅವಳು ಮರೆತಿದ್ದಳು. ಅದು ತನ್ನ ಪಾಡಿಗೆ ತಾನು ಗಾಡಿ ಕಳಿಸುತ್ತಲೇ ಇತ್ತು.

ಓಡಾಟದ ದಾಖಲೆ ತೆರೆದಳು. ಹತ್ತಿದರು, ಇಳಿದರು. ಹತ್ತಿದರು, ಇಳಿದರು. ಪುಟಗಟ್ಟಲೆ ಅದೇ. ಬೆರಳು ನೋಯುವವರೆಗೆ ಕೆಳಗೆ ಎಳೆದರೂ ಅದು ಮುಗಿಯಲಿಲ್ಲ. ಗಡಿಯಾರದವರು, ಟೀಚರಮ್ಮ ಯಾವ ಧಾರಾವಾಹಿಯವರು ಎಂದು ಅವಳಿಗೆ ಆಗ ತಿಳಿಯಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅಂದು ಸಂಜೆ ಅಕ್ಕನನ್ನು ಕೇಳಬೇಕು ಎಂದುಕೊಂಡು ಹೋದವಳು ಕೇಳಲಿಲ್ಲ. ಬುಧವಾರ ನಡುಹಗಲಲ್ಲಿ, ಮೊದಲ ಪಾಳಿಯ ರೋಗಿಗಳು ಯಂತ್ರದಿಂದ ಎದ್ದು ಮನೆಗೆ ಹೊರಡುವ ಹೊತ್ತಿಗೆ, ಮೆಟ್ಟಿಲು ಹತ್ತಿ ಮೇಲೆ ಹೋದಳು. ಎಷ್ಟು ವರ್ಷದ ಮೇಲೆ ಹೋಗುತ್ತಿದ್ದಳೋ. ಡಯಾಲಿಸಿಸ್ ವಿಭಾಗದ ಕಾಯುವ ಕೋಣೆ ಅವಳ ಕೋಣೆಯ ನೆತ್ತಿಯ ಮೇಲೇ ಇತ್ತು. ಬಾಗಿಲಿಗೆ ಎದೆಮಟ್ಟದಿಂದ ಮೇಲಕ್ಕೆ ಗಾಜು. ಅದರಾಚೆ, ಕಿಟಕಿಯ ಬೆಳಕು ಬೀಳುವ ಬೆಂಚಿನಲ್ಲಿ ಅಕ್ಕ ಕೂತಿದ್ದಳು.

ಮನೆಯಲ್ಲಿ ಮಂಡಿ ಹಿಡಿದುಕೊಂಡು ಏಳುವ ಅಕ್ಕ ಅಲ್ಲ ಅವಳು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಬ್ಬ ಬಡಕಲು ಮನುಷ್ಯನ ಅಂಗಿಯ ತೋಳು ಹೊಲಿಯುತ್ತಿದ್ದಳು. ಭುಜದಿಂದ ಮಣಿಕಟ್ಟಿನವರೆಗೆ ತೋಳಿನ ಹೊಲಿಗೆ ಬಿಚ್ಚಿ, ಅಂಚಿನುದ್ದಕ್ಕೂ ಪ್ರೆಸ್ ಬಟನ್ ಹಚ್ಚಿದ್ದಳು. ಅಂಗಿ ಕಳಚದೆಯೇ, ಪಟಪಟ ಬಿಚ್ಚಿ ತೋಳನ್ನು ಯಂತ್ರಕ್ಕೆ ಕೊಡಬಹುದು. ಚಳಿಯಾಗುವುದಿಲ್ಲ, ಮಾನವೂ ಹೋಗುವುದಿಲ್ಲ. ಕೆಳಗಿನಮ್ಮ ಕೋಣೆಯ ತುಂಬ ಕಣ್ಣಾಡಿಸಿದಳು. ಅಲ್ಲಿದ್ದ ಎಷ್ಟೋ ಜನರ ತೋಳಿನಲ್ಲಿ ಆ ಗುಂಡಿಗಳ ಸಾಲು ಹೊಳೆಯುತ್ತಿತ್ತು.

ಬಾಗಿಲ ಬಳಿ ಬಂದ ನರ್ಸೊಬ್ಬಳು ಯಾರು ಬೇಕಿತ್ತು ಎಂದಳು. ಆ ಬೆಂಚಿನಲ್ಲಿ ಇರೋರು ಯಾರು ಎಂದು ಕೆಳಗಿನಮ್ಮ ಮೆಲ್ಲಗೆ ಕೇಳಿದಳು.

"ನಮ್ಮ ಅಕ್ಕಾವ್ರು. ಅವರಿಗೆ ಏನೂ ಕಾಯಿಲೆ ಇಲ್ಲ, ಸುಮ್ಮನೆ ಬರ್ತಾರೆ, ಎಲ್ಲರಿಗೂ ಹೊಲಿದು ಕೊಡ್ತಾರೆ. ಅವರ ತಂಗಿ ಇದೇ ಆಸ್ಪತ್ರೇಲಿ ಕೆಳಗೆ ಏನೋ ದೊಡ್ಡ ಕೆಲಸದಲ್ಲಿದಾರಂತೆ. ಅಕ್ಕ ಒಬ್ಬಳೇ ಇರ್ತಾಳಲ್ಲ ಅಂತ ಅವರೇ ಗಾಡಿ ಗೊತ್ತುಮಾಡಿದಾರಂತೆ. ನಮಗೂ ಅಂಥ ತಂಗಿ ಇರಬಾರದಾ ಅಂತ ನಾವು ಹೊಟ್ಟೆ ಉರ್ಕೋತೀವಿ."

ಕೆಳಗೆ ಹೋಗಿ ತಂಗಿಯನ್ನು ಮಾತಾಡಿಸೋದಿಲ್ಲವಾ ಅವರು ಎಂದು ಕೆಳಗಿನಮ್ಮ ಕೇಳಿದಳು. ಪಾಪ, ಅವಳಿಗೆ ಉಸಿರಾಡೋಕೂ ಬಿಡುವಿಲ್ಲ, ನಾನೆಲ್ಲಿ ಹೋಗಿ ತೊಂದರೆ ಕೊಡಲಿ ಅಂತಾರೆ ಎಂದು ನರ್ಸು ಹೇಳಿ, ಕರೆ ಬಂತೆಂದು ಹೋಗಿಬಿಟ್ಟಳು.

ಅಷ್ಟರಲ್ಲಿ ಡ್ರೈವರ್ ಬಂದು ಹೆಸರು ಕೂಗಿದ. ಮೊದಲ ವ್ಯಾನಿಗೆ ಸೀಟು ಎಷ್ಟಿವೆಯೋ ಅಷ್ಟು ಜನ ಎದ್ದರು. ಅಕ್ಕ ದಾರ ಕಡಿದು, ಅಂಗಿಯ ತೋಳು ಸವರಿ, ಶುಕ್ರವಾರ ಉಳಿದದ್ದು ಹಚ್ಚುತ್ತೇನೆ ಎಂದು ಹೇಳಿ ಎದ್ದಳು. ಬಡಕಲು ಮನುಷ್ಯ ಏಳಲಿಲ್ಲ. ಅವನ ಹೆಸರು ಎರಡನೇ ಸುತ್ತಿನಲ್ಲಿತ್ತು. ವ್ಯಾನು ಎಲ್ಲರನ್ನೂ ಇಳಿಸಿ ಮರಳಿ ಬರುವವರೆಗೆ ಅವನು ಅಲ್ಲೇ ಇರಬೇಕು. ರಕ್ತವೆಲ್ಲ ಯಂತ್ರ ಹೊಕ್ಕು ಬಂದ ಮೇಲೆ ಮನುಷ್ಯನಲ್ಲಿ ಕೂರುವಷ್ಟು ತ್ರಾಣವೂ ಇರುವುದಿಲ್ಲ. ಅವನು ಬೆಂಚಿನ ಕೈಗೆ ಹಣೆ ಆನಿಸಿದ.

ಗಡಿಯಾರ ರಿಪೇರಿಯವರು ಇವರೇ ಅಲ್ಲವೇ ಎಂದು ಕೆಳಗಿನಮ್ಮ ಡ್ರೈವರನ್ನು ಹಿಂದಿನಿಂದ ತಡೆದು ಕೇಳಿದಳು. ಅವನು ಹೌದೆಂದ. ಅವರ ಮನೆ ಅಕ್ಕಾವ್ರ ಮನೆಗಿಂತ ಸ್ವಲ್ಪ ಮುಂದೆ, ಒಂದು ಸೀಟು ಇದ್ದಿದ್ದರೆ ಮೊದಲ ಸುತ್ತಿನಲ್ಲೇ ಕರೆದೊಯ್ಯಬಹುದಿತ್ತು, ಆದರೆ ಕಂಪ್ಯೂಟರ್ ಹೇಳಿದ ಹಾಗೆ ಕುಣಿಯಬೇಕಲ್ಲ ಎಂದು ಗೊಣಗಿ ಹೋದ.

ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕುಸಿದಳು. ಒಂದು ಮಾತೂ ಆಡದೆ ಸುಮ್ಮನಿದ್ದರೆ ಸಾಕಿತ್ತು. ಸೊನ್ನೆ ಸಾರ್ ಆ ಒಂದು ಸಾಲು ಬರೆಯುತ್ತಾನೆ, ಸೊನ್ನೆ ಸಿಗುತ್ತದೆ, ಇವಳಿಗೆ ನಿದ್ದೆ ಸಿಗುತ್ತದೆ, ಅಕ್ಕನಿಗೆ ಗಾಡಿ ಸಿಗುತ್ತದೆ. ಬೆಂಚಿನ ಕೈಗೆ ಹಣೆ ಆನಿಸಿದವನಿಗೆ ತಾನು ಯಾರ ದೆಸೆಯಿಂದ ಕಾಯುತ್ತಿದ್ದೇನೆ ಎಂದು ಎಂದೂ ಗೊತ್ತಾಗುವುದಿಲ್ಲ. ಅಕ್ಕನಿಗೂ ಗೊತ್ತಾಗುವುದಿಲ್ಲ. ತಾನು ಕೂತ ಸೀಟು ಅವನದು ಎಂದು ತಿಳಿದರೆ ಅಕ್ಕ ಆ ಗಾಡಿಯ ಮೆಟ್ಟಿಲನ್ನೂ ತುಳಿಯುವವಳಲ್ಲ. ಆ ಸಾಲು ಹೊಸದರ ಹೊಟ್ಟೆ ಸೇರಿ, ಯಾವಾಗಲೋ ಯಾರೋ ಒಬ್ಬಳು ಇದೇ ಕೋಣೆಯಲ್ಲಿ ಕೂತು, ಇದು ಯಾಕಿದೆ ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ಅವಳ ಮೇಲೂ ಕೆಳಗಿನಮ್ಮನಿಗೆ ಈಗಲೇ ಕನಿಕರ ಹುಟ್ಟಿತು.

ಆದರೆ ಇದೆಲ್ಲ ನೆಪ. ಅವಳನ್ನು ನಿಜವಾಗಿ ಕೊರೆಯುತ್ತಿದ್ದುದು ಬೇರೆ. ಸೀಟು ಹೋದರೆ ಅಕ್ಕನ ಮೂರು ದಿನಗಳು ಹೋಗುತ್ತವೆ. ಯಾಕೆ ಹೋಯಿತು ಎಂದು ಹೇಳಹೊರಟರೆ ಇನ್ನೂ ದೊಡ್ಡದೊಂದು ಹೋಗುತ್ತದೆ. ನನ್ನ ತಂಗಿ ನನ್ನನ್ನು ನೆನೆದಳು ಎಂದು ಅಕ್ಕ ಇಷ್ಟು ವರ್ಷ ಗಾಡಿ ಹತ್ತಿದ್ದಾಳೆ. ತಂಗಿ ನೆನೆದಿರಲಿಲ್ಲ.

ಫೋನ್ ಬಡಿದುಕೊಂಡಿತು. ಮೇಲಿನವರಿಗೆ ಯಾವುದೋ ಪರದೆ ತೆರೆಯುತ್ತಿಲ್ಲವಂತೆ. ಅದನ್ನು ಸರಿಮಾಡಿದಳು. ಆಮೇಲೆ ಎರಡು ಒಂಬತ್ತಿನ ಸಂಖ್ಯೆಯನ್ನು ತೆರೆದು, ಅಕ್ಕ ಎಂಬ ಹೆಸರನ್ನು ಒಂದು ಸಲ ನೋಡಿ, ಅಳಿಸಿದಳು. ಖಚಿತವೇ ಎಂದು ಮುದುಕಿ ಕೇಳಿದಳು. ಹಾಗೆ ಕೇಳಲು ಅವಳಿಗೆ ಕಲಿಸಿದ್ದೂ ಇವಳೇ. ಹೌದು ಎಂದು ಒತ್ತಿದಳು.

ಸೊನ್ನೆ ಸಾರ್‌ನ ಮೇಜಿಗೆ ಹೋಗಿ, ಆ ಸಾಲು ಬೇಡ, ಅದು ಪರೀಕ್ಷೆಗೆ ಹಾಕಿದ್ದು, ತೆಗೆಯೋದು ನಾನೇ ಮರೆತಿದ್ದೆ, ಈಗ ತೆಗೆದಿದ್ದೇನೆ ಎಂದಳು. ಅವನು ತಲೆಯೆತ್ತಿ, "ಮತ್ತೆ ಹತ್ತುತಿದ್ದವರು ಯಾರು ಮೇಡಂ?" ಎಂದ.

"ನನ್ನ ಅಕ್ಕ" ಎಂದಳು. ಅವನು ಬರೆದಿಟ್ಟಿದ್ದ ಸಾಲನ್ನು ಅವಳ ಎದುರೇ ಅಳಿಸಿ, ಶುಕ್ರವಾರ ರಜೆ ತಗೊಳ್ಳಿ, ಫೋನ್ ಬಂದರೆ ನಾನು ನೋಡಿಕೊಳ್ಳುತ್ತೇನೆ, ಹೇಗೂ ಇನ್ನು ಮುಂದೆ ನಾನೇ ತಾನೇ ಎಂದ. ಹಾಗನ್ನುವಾಗ ಅವನ ದನಿಯಲ್ಲಿ ಖುಷಿಯೇನೂ ಇರಲಿಲ್ಲ.

ಅಂದು ಇನ್ನೂ ಬಿಸಿಲಿರುವಾಗಲೇ ಅವಳು ಮನೆ ತಲುಪಿದಳು. ಬಾಗಿಲು ತೆರೆದ ಅಕ್ಕ ಗಾಬರಿಯಾದಳು. "ಏನೇ, ನಿನ್ನ ಮುದುಕಿ ಹೋದಳಾ?"

"ಇನ್ನೂ ಇಲ್ಲ" ಎಂದು ಚಪ್ಪಲಿ ಬಿಟ್ಟಳು. ದಾರಿಯುದ್ದಕ್ಕೂ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು: ಅಕ್ಕಾ, ಆ ಗಾಡಿ ನಾನು ಕಳಿಸಿದ್ದಲ್ಲ, ನಿಲ್ಲಿಸೋದನ್ನ ಮರೆತಿದ್ದು. ಅಕ್ಕ ಚಹಾ ತಂದಿಟ್ಟಳು. ಮೇಜಿನ ಮೇಲೆ ಪ್ರೆಸ್ ಬಟನ್ನಿನ ಡಬ್ಬಿ, ನಾಲ್ಕಾರು ಅಂಗಿಗಳು ಇದ್ದವು. ಈ ಡಬ್ಬಿ ಇಲ್ಲೇ, ತನ್ನ ತಟ್ಟೆಯ ಪಕ್ಕದಲ್ಲೇ ದಿನವೂ ಇರುತ್ತಿತ್ತು. ಬಾಯಿಪಾಠದ ಮಾತು ನಾಲಿಗೆಯವರೆಗೆ ಬಂದು ನಿಂತಿತು.

"ಅಕ್ಕಾ, ಶುಕ್ರವಾರದಿಂದ ಗಾಡಿ ಬರೋದಿಲ್ಲ" ಎಂದಷ್ಟೇ ಹೇಳಿದಳು.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ. ಮುಖ ಮಾತ್ರ ಸಪ್ಪಗಾಯಿತು. ದಾರ ಎರಡು ಸಲ ತಪ್ಪಿತು, ಮೂರನೇ ಸಲ ಕೂತಿತು. ಆ ಸೀಟು ಬೇರೆ ಯಾರಿಗಾದರೂ ಬೇಕಾ ಎಂದು ಕೊನೆಗೆ ಕೇಳಿದಳು. ಗಡಿಯಾರದವರಿಗೆ ಎಂದಳು ತಂಗಿ.

ಅಕ್ಕ ಸೂಜಿ ಕೆಳಗಿಟ್ಟಳು. "ನನಗೆ ಹೊಳೀಲೇ ಇಲ್ಲ ನೋಡು. ಅವರ ಪಕ್ಕದಲ್ಲೇ ಕೂತಿರ್ತೀನಿ, ಎದ್ದು ಬರ್ತೀನಿ. ಎಂಥ ಮಂಕು ನನಗೆ." ಆಮೇಲೆ ಬಹಳ ಹೊತ್ತು ಅಂಗಿಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಇವನ್ನ ಯಾರ ಕೈಲಾದರೂ ಕಳಿಸಿಬಿಡು, ಹೊಲಿದು ಕೊಟ್ಟಿರ್ತೀನಿ ಎಂದಳು.

ನಾನೇ ಕರಕೊಂಡು ಹೋಗ್ತೀನಿ, ಬಸ್ಸಿನಲ್ಲಿ ಹೋಗೋಣ ಎಂದಳು ತಂಗಿ. ಅಕ್ಕ ನೋಡೋಣ ಎಂದಳು. ಆ ನೋಡೋಣದಲ್ಲಿ ಇಪ್ಪತ್ತು ವರ್ಷದ ಅನುಭವವಿತ್ತು. ತಂಗಿಗೆ ಅದು ಚುರ್ ಎಂದಿತು.

ಶುಕ್ರವಾರ ಬೆಳಿಗ್ಗೆ ಅಕ್ಕ ಎಂದಿನ ಹೊತ್ತಿಗೆ ತಲೆ ಬಾಚಿ, ಇಸ್ತ್ರಿ ಬಟ್ಟೆ ಉಟ್ಟು, ಚೀಲ ಹಿಡಿದು ಕೂತಿದ್ದಳು. ತಂಗಿ ಎದ್ದು ತಯಾರಾಗಿ ಬಂದಾಗ ಅವಳು ನಂಬದವಳಂತೆ ನೋಡಿದಳು. ಮೂರು ಮಹಡಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಒಂದೊಂದು ಮೆಟ್ಟಿಲಿಗೂ ಅಕ್ಕ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು, ತಂಗಿಯ ಕೈ ಹಿಡಿದೇ ಇಳಿದಳು. ಮೊದಲೆಲ್ಲ ಹೇಗೆ ಇಳಿಯುತ್ತಿದ್ದೆ ಎಂದು ತಂಗಿ ಕೇಳಿದರೆ, ಡ್ರೈವರ್ ಬಂದು ಹಿಡಿದುಕೊಳ್ಳುತ್ತಿದ್ದ, ನೀನು ಹೇಳಿಟ್ಟಿದ್ದೆಯಲ್ಲ ಎಂದಳು ಅಕ್ಕ. ತಂಗಿ ಯಾರಿಗೂ ಏನೂ ಹೇಳಿಟ್ಟಿರಲಿಲ್ಲ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬೆಳಗಿನ ಬಿಸಿಲು ಕಿಟಕಿಯಿಂದ ತೊಡೆಯ ಮೇಲೆ ಬಿದ್ದಿತ್ತು. ಚೀಲದಲ್ಲಿ ಫೋನ್ ಒಂದು ಸಲ ನಡುಗಿ ತಾನಾಗಿ ಸುಮ್ಮನಾಯಿತು. ಆ ಕರೆಯನ್ನು ಆಸ್ಪತ್ರೆಯಲ್ಲಿ ಸೊನ್ನೆ ಸಾರ್ ಎತ್ತಿಕೊಂಡಿರಬೇಕು. ಇಷ್ಟು ವರ್ಷದ ದಣಿವೆಲ್ಲ ಒಮ್ಮೆಗೇ ಅವಳ ರೆಪ್ಪೆಗಳ ಮೇಲೆ ಬಂದು ಕೂತಿತು. ನಿದ್ದೆ ಹತ್ತುವ ಮೊದಲು ಹೇಳಿಬಿಡಬೇಕು, ಇಲ್ಲವಾದರೆ ಇದೂ ಇನ್ನೊಂದು ಬರುವ ವಾರವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಕ್ಕಾ, ಆ ಗಾಡಿ ವಿಷಯ ಒಂದು ಹೇಳಬೇಕು."

"ನಾನೂ ಒಂದು ಹೇಳಬೇಕು ಅಂತಿದ್ದೆ" ಎಂದಳು ಅಕ್ಕ. ಅವಳ ಕಣ್ಣು ಕಿಟಕಿಯ ಹೊರಗಿತ್ತು. "ನೀನು ಬಂದಾಗ ಸುಸ್ತಾಗಿರ್ತೀಯ, ಹೇಳೋಕೆ ಸಮಯ ಸಿಗಲಿಲ್ಲ. ನಿನಗೆ ನೂರೆಂಟು ತಾಪತ್ರಯ. ಅದರ ಮಧ್ಯೆ ಇಷ್ಟು ವರ್ಷ ಒಂದು ದಿನಾನೂ ಮರೀದೆ ನನಗೆ ಗಾಡಿ ಕಳಿಸಿದೆಯಲ್ಲ. ಯಾರು ಕಳಿಸ್ತಾರೆ ಹೇಳು."

ಅವಳು ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹುಡುಕಿದಳು. ಅದು ಇತ್ತು, ಒಂದು ಅಕ್ಷರವೂ ಕೆಡದೆ ಹಾಗೇ ಇತ್ತು. ಅಕ್ಕನ ಕೈ ತನ್ನ ಕೈಯ ಮೇಲಿತ್ತು, ಹೆಬ್ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತುಗಳಿದ್ದವು. ತಲೆ ಅಕ್ಕನ ಭುಜಕ್ಕೆ ತಾನಾಗಿ ವಾಲಿತು.

"ಹೂಂ" ಎಂದಳು.